ಸರ್ಕಾರದ ಮನೆಗೆ ಮೊದಲು ಬೇಕಾದುದು ನೆಲ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದವರೇ. ಎರಡೂ ಮೈ ದಣಿಸುವ, ಕೈ ಬರಿದು ಮಾಡುವ ಕೆಲಸಗಳು ಎಂದು ಹಿರಿಯರು ಅನುಭವದಿಂದ ಹೇಳಿದರು. ಆದರೆ ಈ ಗಾದೆ ಮಾಡಿದವರಿಗೆ ಮನೆ ಕಟ್ಟಲು ಒಂದು ತುಂಡು ನೆಲವಂತೂ ಇದ್ದಿರಬೇಕು. ನೆಲವೇ ಇಲ್ಲದವನ ಕಷ್ಟ ಗಾದೆಯೊಳಗೆ ಬಂದಿಲ್ಲ.

ಅಂತಹ ಕುಟುಂಬಗಳು ನಮ್ಮ ಒಂದೊಂದು ಧರ್ಮಕೇಂದ್ರದಲ್ಲೂ ಇವೆ. ಕಾಫಿ ತೋಟದ ಲೈನ್ ಮನೆಯಲ್ಲಿರುವವರು, ಇನ್ನೊಬ್ಬರ ಜಾಗದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡವರು, ಪಟ್ಟಣದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅಪ್ಪ ಅಮ್ಮ, ಮಗ ಸೊಸೆ, ಮೊಮ್ಮಕ್ಕಳೊಂದಿಗೆ ದಿನ ತಳ್ಳುವವರು. ಇವರ ಮಾತು ಬಂದಾಗ “ಸರ್ಕಾರದಿಂದ ಮನೆ ಕೊಡುತ್ತಾರಲ್ಲ, ಅರ್ಜಿ ಹಾಕಲಿ” ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸರ್ಕಾರ ಕೊಡುವುದು ಏನು, ಅದು ಯಾವ ದಾರಿಯಾಗಿ ಬರುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳದೆ ಹಾಗೆ ಹೇಳುವುದು ಸರಿಯಲ್ಲ. ಈ ವಾರ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಐದು ಸೆಂಟ್ಸ್‌ನ ಕಥೆ

ಭೂಹೀನ ಗ್ರಾಮೀಣ ಕಾರ್ಮಿಕರಿಗೆ ಮನೆ ನಿವೇಶನ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 1971ರ ಅಕ್ಟೋಬರಿನಲ್ಲಿ ಆರಂಭಿಸಿತು. ಗಮನಿಸಿ, ಮೊದಲು ಕೊಡಲು ಹೊರಟದ್ದು ಮನೆಯನ್ನಲ್ಲ, ನಿವೇಶನವನ್ನು. ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಅವರ ಸರ್ಕಾರದ ಕಾಲದಲ್ಲಿ, ಮನೆ ನಿವೇಶನ ಹಂಚಲು ಖಾಸಗಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವುದಕ್ಕೆಂದೇ 1972ರ ಒಂದು ಪ್ರತ್ಯೇಕ ಕಾಯ್ದೆ ಬಂತು. ಜನತಾ ಮನೆಗಳು ಎದ್ದದ್ದೂ ಆ ಕಾಲದಲ್ಲೇ. ಬಯಲುಸೀಮೆಯ ಊರುಗಳಲ್ಲಿ ಇಂದಿಗೂ ‘ಜನತಾ ಕಾಲೊನಿ’ ಎಂಬ ಹೆಸರು ಉಳಿದಿದೆ. ಕರಾವಳಿಯಲ್ಲಿ ಅಂತಹ ಜಾಗಕ್ಕೆ ‘ಐದು ಸೆಂಟ್ಸ್’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಐದು ಸೆಂಟ್ಸ್ ಎಂದರೆ ಎರಡು ಗುಂಟೆ, ಸುಮಾರು 2,178 ಚದರ ಅಡಿ. ಒಂದು ಚಿಕ್ಕ ಮನೆ, ಒಂದು ಬಾವಿ, ಎರಡು ತೆಂಗಿನ ಮರ, ನಾಲ್ಕು ಬಸಳೆ ಚಪ್ಪರಕ್ಕೆ ಸಾಲುವಷ್ಟು. ಹೆಸರಿನಲ್ಲಿ ಸ್ವಲ್ಪ ತಾತ್ಸಾರ ಸೇರಿಕೊಂಡಿದೆ ಎಂಬುದು ನಿಜ. ಆದರೆ ಆ ಐದು ಸೆಂಟ್ಸ್‌ನಿಂದ ಓದಿ ಮೇಲೆ ಬಂದ ಮಕ್ಕಳನ್ನು ನಾವು ಕಂಡಿದ್ದೇವೆ.

1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಜಮೀನಿನ ಒಡೆಯರಾದರು. ಕರಾವಳಿಯ ನಮ್ಮ ಎಷ್ಟೋ ಕುಟುಂಬಗಳು ಹೀಗೆ ನೆಲೆ ಕಂಡವು. ಗೇಣಿಯೂ ಇಲ್ಲದೆ ಬರಿಯ ಕೂಲಿಗಾಗಿ ಇನ್ನೊಬ್ಬರ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದ ಕೃಷಿ ಕಾರ್ಮಿಕರಿಗೂ, ಅವರು ವಾಸವಿದ್ದ ಮನೆ ಮತ್ತು ಮನೆಯಡಿಯನ್ನು ಪಡೆಯುವ ಹಕ್ಕನ್ನು ಅದೇ ಭೂಸುಧಾರಣಾ ಕಾಯ್ದೆ ಕೊಟ್ಟಿತ್ತು. ಆದರೆ ಕಾಫಿ, ಚಹಾ, ರಬ್ಬರ್ ಮುಂತಾದ ಪ್ಲಾಂಟೇಶನ್‌ಗಳಿಗೆ ಆ ಕಲಂ ಅನ್ವಯವಾಗಲಿಲ್ಲ.

ಈ ಒಂದು ವಿನಾಯಿತಿಯ ಪರಿಣಾಮವನ್ನು ತೋಟದ ಲೈನ್‌ಗಳಲ್ಲಿ ನೋಡಬೇಕು. ಕಾರ್ಮಿಕರಿಗೆ ವಸತಿ ಒದಗಿಸುವುದು ಮಾಲೀಕರ ಹೊಣೆ ಎಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ವಿಧಿಸಿತ್ತು. ಒಳ್ಳೆಯದೇ. ಆದರೆ ಕೆಲಸದೊಂದಿಗೆ ಬಂದ ಮನೆ ಕೆಲಸದೊಂದಿಗೇ ಹೋಗುತ್ತದೆ. ಜೀವಮಾನವೆಲ್ಲ ಅದೇ ತೋಟದಲ್ಲಿ ಕಾಫಿ ಹಣ್ಣು ಕೊಯ್ದ ತಾಯಿ, ಕೆಲಸದಿಂದ ನಿವೃತ್ತಳಾದ ದಿನ ಮನೆ ಬಿಡಬೇಕಾದವಳು. ಎಷ್ಟೋ ಕಡೆ ಮನೆ ಉಳಿಯಬೇಕಾದರೆ ಮಗನೋ ಮಗಳೋ ಅದೇ ತೋಟದ ಕೆಲಸಕ್ಕೆ ಹೆಸರು ಬರೆಸಬೇಕು. ಹತ್ತನೇ ತರಗತಿ ಪಾಸಾದ ಹುಡುಗಿ ಮುಂದೆ ಓದುವುದೋ, ಅಮ್ಮನ ತಲೆಯ ಮೇಲಿನ ಹೆಂಚನ್ನು ಉಳಿಸುವುದೋ? ನೆಲ ಇಲ್ಲದಿರುವುದು ಎಂದರೆ ಮಳೆಗೆ ನೆನೆಯುವುದು ಮಾತ್ರವಲ್ಲ. ಮುಂದಿನ ತಲೆಮಾರನ್ನೂ ಅದು ಕಟ್ಟಿಹಾಕುತ್ತದೆ.

ಹಣ ಬಂದ ದಾರಿ

ನಿವೇಶನದ ಯೋಜನೆಗಳ ನಂತರ ಮನೆ ಕಟ್ಟಲು ಹಣ ಕೊಡುವ ಯೋಜನೆಗಳು ಬಂದವು. ಕೇಂದ್ರದ ಇಂದಿರಾ ಆವಾಸ್ ಯೋಜನೆ 1985-86ರಲ್ಲಿ ಒಂದು ಉದ್ಯೋಗ ಕಾರ್ಯಕ್ರಮದ ಭಾಗವಾಗಿ ಹುಟ್ಟಿತು. ಮೊದಲು ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಮತ್ತು ಜೀತವಿಮುಕ್ತರಿಗೆ ಮಾತ್ರ ಇದ್ದದ್ದು 1993-94ರಿಂದ ಉಳಿದ ಬಡವರಿಗೂ ತೆರೆಯಿತು. 1996ರ ಜನವರಿಯಿಂದ ಸ್ವತಂತ್ರ ಯೋಜನೆಯಾಯಿತು. ಕರ್ನಾಟಕದಲ್ಲಿ 1991-92ರಲ್ಲಿ ಆಶ್ರಯ ಯೋಜನೆ ಬಂತು. ವಸತಿ ಯೋಜನೆಗಳನ್ನು ನೋಡಿಕೊಳ್ಳಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಅನಂತರ ಅಂಬೇಡ್ಕರ್, ಬಸವ, ದೇವರಾಜ ಅರಸು ಹೆಸರಿನ ವಸತಿ ಯೋಜನೆಗಳು ಬಂದವು. 2016ರ ಏಪ್ರಿಲ್ 1ರಿಂದ ಇಂದಿರಾ ಆವಾಸ್‌ನ ಜಾಗಕ್ಕೆ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಂತು. ಸರ್ಕಾರ ಬದಲಾದಂತೆ ಹೆಸರು ಬದಲಾಗುತ್ತದೆ. ನಮ್ಮ ಜನ ಮಾತ್ರ ಇಂದಿಗೂ ಎಲ್ಲವನ್ನೂ ‘ಆಶ್ರಯ ಮನೆ’ ಎನ್ನುತ್ತಾರೆ.

ಬಯಲು ಪ್ರದೇಶದ ಒಂದು ಮನೆಗೆ ಕೇಂದ್ರ ಯೋಜನೆಯಲ್ಲಿ 1996ರಲ್ಲಿ 20,000 ರೂಪಾಯಿ ಇದ್ದ ಸಹಾಯಧನ 2004ರಲ್ಲಿ 25,000, 2008ರಲ್ಲಿ 35,000, 2010ರಲ್ಲಿ 45,000, 2013ರಲ್ಲಿ 70,000 ಮತ್ತು 2016ರಲ್ಲಿ 1 ಲಕ್ಷ 20 ಸಾವಿರವಾಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಈ ಯೋಜನೆಯನ್ನು 2028-29ರವರೆಗೆ ಮುಂದುವರಿಸಿ, ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಿತು. ಆದರೆ ಮನೆಯೊಂದರ ಮೊತ್ತವನ್ನು ಏರಿಸಲಿಲ್ಲ, 2016ರ ಅದೇ 1 ಲಕ್ಷ 20 ಸಾವಿರ. ಮನೆ ಕನಿಷ್ಠ 25 ಚದರ ಮೀಟರ್, ಎಂದರೆ ಸುಮಾರು 270 ಚದರ ಅಡಿ ಇರಬೇಕು ಎಂದು ನಿಯಮ. ಲೆಕ್ಕ ಹಾಕಿದರೆ ಚದರ ಅಡಿಗೆ 445 ರೂಪಾಯಿ ಬೀಳುತ್ತದೆ. ನಿಮ್ಮೂರಿನ ಮೇಸ್ತ್ರಿಯೊಬ್ಬರನ್ನು ಕೇಳಿ ನೋಡಿ, ಅವರು ನಕ್ಕುಬಿಟ್ಟಾರು.

ಹಣ ಒಂದೇ ಸಲ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ ಹೀಗೆ ಹಂತ ಮುಗಿದಂತೆ ಸ್ಥಳದ ಫೋಟೋ ತೆಗೆದು ಕಳುಹಿಸಿದ ಮೇಲೆ ಕಂತು ಬ್ಯಾಂಕ್ ಖಾತೆಗೆ ಬರುತ್ತದೆ. ಇದು ನಡುವಿನವರ ಕೈಗೆ ಹಣ ಸಿಗದಂತೆ ಮಾಡಿದ ಒಳ್ಳೆಯ ವ್ಯವಸ್ಥೆ. ಆದರೆ ಹಂತ ಮುಗಿಸಲು ಮೊದಲು ಕೈಯಿಂದ ಹಾಕಬೇಕು, ಕೈಯಲ್ಲಿ ಇದ್ದರೆ ತಾನೆ? ಲಿಂಟಲ್‌ವರೆಗೆ ಬಂದು ನಿಂತು, ಗೋಡೆಯ ಮೇಲೆ ಹುಲ್ಲು ಬೆಳೆದ ಮನೆಗಳನ್ನು ಊರೂರಿನಲ್ಲಿ ಕಾಣುತ್ತೇವೆ. ಫಲಾನುಭವಿಗೆ ಬ್ಯಾಂಕಿನಿಂದ 70,000 ರೂಪಾಯಿವರೆಗೆ ಸಾಲ ಕೊಡಿಸಬಹುದು ಎಂದು ಕೇಂದ್ರ ಯೋಜನೆಯ ನಿಯಮ ಹೇಳುತ್ತದೆ. ಬ್ಯಾಂಕನ್ನು ಮೊದಲು ಕೇಳಿ. ವಾರವಾರ ಕಂತು ವಸೂಲಿ ಮಾಡುವ ಸಾಲದ ಕಂಪನಿಯವರು ಬಾಗಿಲಿಗೇ ಬರುತ್ತಾರೆ ಎಂದು ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ.

ಜಾಗ ಉಂಟಾ?

ಹಣ ಕಡಿಮೆ ಎಂಬ ಕಷ್ಟವನ್ನು ಹೇಗೋ ದಾಟಬಹುದು. ನೆಂಟರು, ಸಂಘ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಯಾರಾದರೂ ಕೈಜೋಡಿಸಬಹುದು. ದಾಟಲಾಗದ ಗೋಡೆ ಬೇರೆ. ಪಂಚಾಯತಿ ಕಚೇರಿಗೆ ಹೋದ ಹೆಂಗಸಿಗೆ ಕೇಳುವ ಮೊದಲ ಪ್ರಶ್ನೆ: “ಜಾಗ ಉಂಟಾ ಅಮ್ಮಾ? ಜಾಗದ ಪತ್ರ ತನ್ನಿ, ಮನೆಗೆ ಬರೆದುಕೊಳ್ಳುವ.” ಆಕೆಗೆ ಬೇಕಾದುದೇ ಅದು, ಇಲ್ಲದಿರುವುದೂ ಅದೇ. ಸ್ವಂತ ನೆಲವಿರುವ ಬಡವನಿಗೆ ಸರ್ಕಾರದ ಮನೆ ಬೇಗ ಸಿಗುತ್ತದೆ. ನೆಲವಿಲ್ಲದ ಕಡುಬಡವ ಸಾಲಿನಲ್ಲೇ ಉಳಿಯುತ್ತಾನೆ. ನಮ್ಮ ವಸತಿ ಯೋಜನೆಗಳ ಬಹುದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ.

ಕೇಂದ್ರ ಸರ್ಕಾರಕ್ಕೂ ಇದು ತಿಳಿದಿತ್ತು. 2009ರಲ್ಲಿ ನಿವೇಶನಕ್ಕೆಂದೇ ಫಲಾನುಭವಿಯೊಬ್ಬರಿಗೆ 10,000 ರೂಪಾಯಿ ಇಟ್ಟಿತು. 2016ರ ಯೋಜನೆಯ ನಿಯಮದಲ್ಲಿ, ಭೂರಹಿತ ಫಲಾನುಭವಿಗೆ ಸರ್ಕಾರಿ ಜಮೀನೋ ಬೇರೆ ಜಮೀನೋ ಒದಗಿಸುವುದು ರಾಜ್ಯದ ಕರ್ತವ್ಯ ಎಂದು ಬರೆದಿದೆ. ಆದರೆ ಜಮೀನು ಎಲ್ಲಿ? ಊರಿನ ಸರ್ಕಾರಿ ಜಾಗ ಒಂದೋ ಗೋಮಾಳ, ಇಲ್ಲವೇ ಪರಂಬೋಕು. ಕರಾವಳಿಯಲ್ಲಿ ಅದರ ಮೇಲೆ ವರ್ಗದಾರರ ಕುಮ್ಕಿ ಹಕ್ಕು. ಸಮುದ್ರದ ಬದಿಯಾದರೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧ. ಮಲೆನಾಡಿನಲ್ಲಿ ಡೀಮ್ಡ್ ಫಾರೆಸ್ಟ್. ಆ ಪಟ್ಟಿಯಲ್ಲಿದ್ದ 9.94 ಲಕ್ಷ ಹೆಕ್ಟೇರನ್ನು ರಾಜ್ಯ ಸರ್ಕಾರ 2022ರಲ್ಲಿ 3.30 ಲಕ್ಷಕ್ಕೆ ಇಳಿಸಿದಾಗ ಅನೇಕ ಊರುಗಳು ಉಸಿರು ಬಿಟ್ಟದ್ದು ಇದಕ್ಕಾಗಿಯೇ. ಕಾಡು ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೋಮ್‌ಸ್ಟೇಗೆ ಸಿಗುವ ಗುಡ್ಡ ಕೂಲಿಯವನ ಮನೆಗೆ ಏಕೆ ಸಿಗುವುದಿಲ್ಲ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಉಳಿದ ದಾರಿ, ಖಾಸಗಿ ಜಮೀನು. ಇಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ನೆನೆಯಬೇಕು. ಉತ್ತರ ಪ್ರದೇಶದಲ್ಲಿ ದಲಿತರ ಮನೆಗಳಿಗಾಗಿ ಸರ್ಕಾರ ಜಮೀನು ಸ್ವಾಧೀನಪಡಿಸಿದಾಗ ಜಮೀನಿನವರು ನ್ಯಾಯಾಲಯಕ್ಕೆ ಹೋದರು. 1995ರ ಡಿಸೆಂಬರಿನಲ್ಲಿ ಚಮೇಲಿ ಸಿಂಗ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಾಲಯ ಸ್ವಾಧೀನವನ್ನು ಎತ್ತಿಹಿಡಿಯಿತು. ವಸತಿಯ ಹಕ್ಕು ಬದುಕುವ ಹಕ್ಕಿನೊಳಗೇ ಇದೆ, ವಸತಿ ಎಂದರೆ ತಲೆಯ ಮೇಲೊಂದು ಸೂರು ಮಾತ್ರವಲ್ಲ, ಸಾಕಷ್ಟು ಜಾಗ, ಗಾಳಿ ಬೆಳಕು, ಶುದ್ಧ ನೀರು, ಶೌಚ, ರಸ್ತೆ ಎಲ್ಲವೂ ಸೇರಿದ್ದು ಎಂದು ವಿವರಿಸಿತು. ಇಷ್ಟಾದರೂ ಬಡವರ ಕಾಲೊನಿ ನಮ್ಮ ತೋಟದ ಪಕ್ಕದಲ್ಲಿ ಬರುತ್ತದೆ ಎಂದಾಗ ಮೊದಲು ತಕರಾರು ಅರ್ಜಿ ಹಾಕುವವರಲ್ಲಿ ಭಾನುವಾರದ ಪೂಜೆಗೆ ಮುಂದಿನ ಬೆಂಚಿನಲ್ಲಿ ಕೂರುವ ನಮ್ಮವರೂ ಇರಬಹುದು.

ಜಾಗ ಸಿಕ್ಕರೂ ಎಲ್ಲಿ ಸಿಕ್ಕಿತು ಎಂಬುದು ಮುಖ್ಯ. ಇದಕ್ಕೆ ನಗರಗಳ ಉದಾಹರಣೆ ಸಾಕು. 2005ರಲ್ಲಿ ಆರಂಭವಾದ ಕೇಂದ್ರದ ನಗರ ನವೀಕರಣ ಯೋಜನೆಯಲ್ಲಿ ದೇಶದ ನಗರಗಳಲ್ಲಿ ಬಡವರಿಗೆಂದು ಕಟ್ಟಿದ ಮನೆಗಳಲ್ಲಿ 80 ಸಾವಿರಕ್ಕೂ ಮಿಕ್ಕಿ ಮನೆಗಳು 2020ರಲ್ಲೂ ಖಾಲಿಯಿದ್ದವು. ಅನೇಕ ಕಾಲೊನಿಗಳು ಊರಾಚೆ, ಕೆಲಸದ ಸ್ಥಳದಿಂದ ದೂರ. ಮನೆಗೆಲಸಕ್ಕೆ ಹೋಗುವ ಹೆಂಗಸು ಎರಡು ಬಸ್ ಬದಲಾಯಿಸಿ ದುಡಿದು ಏನು ಉಳಿಸಿಯಾಳು? ಕೊರೋನಾ ಕಾಲದಲ್ಲಿ ವಲಸೆ ಕಾರ್ಮಿಕರು ನಡೆದುಕೊಂಡು ಊರಿಗೆ ಹೋದುದನ್ನು ಕಂಡ ಮೇಲೆ, ಆ ಖಾಲಿ ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡುವ ಯೋಜನೆ ಬಂತು. ಬಾಡಿಗೆ ಮನೆಯೂ ಸರ್ಕಾರದ ಹೊಣೆಯೇ ಎಂದು ನಮ್ಮಲ್ಲಿ ಒಪ್ಪಿಕೊಂಡದ್ದು ತೀರಾ ತಡವಾಗಿ.

ನಗರದ ಕೊರತೆಯ ಲೆಕ್ಕವೂ ಯೋಚಿಸತಕ್ಕದ್ದು. 2012ರಲ್ಲಿ ಕೇಂದ್ರದ ತಜ್ಞರ ತಂಡವೊಂದು ದೇಶದ ನಗರಗಳಲ್ಲಿ 1 ಕೋಟಿ 87 ಲಕ್ಷಕ್ಕೂ ಹೆಚ್ಚು ಮನೆಗಳ ಕೊರತೆಯಿದೆ ಎಂದಿತು. ಇದರಲ್ಲಿ ಬೀದಿಯಲ್ಲಿ ಮಲಗುವವರ ಪಾಲು ಸುಮಾರು 5 ಲಕ್ಷ. ಸುಮಾರು 1 ಕೋಟಿ 50 ಲಕ್ಷ ಕೊರತೆ ಇಕ್ಕಟ್ಟಿನದು, ಮದುವೆಯಾದ ದಂಪತಿಗೆ ಪ್ರತ್ಯೇಕ ಕೋಣೆಯೂ ಇಲ್ಲದ ಮನೆಗಳದು. ಅದೇ ಹೊತ್ತಿನ 2011ರ ಜನಗಣತಿಯಲ್ಲಿ ನಗರಗಳಲ್ಲಿ ಬೀಗ ಹಾಕಿದ್ದ ಖಾಲಿ ಮನೆಗಳು 1 ಕೋಟಿ 10 ಲಕ್ಷದಷ್ಟು! ಮದುವೆಗೆ ಸಿದ್ಧರಾಗುವ ಯುವಕ ಯುವತಿಯರಿಗೆ ಧರ್ಮಕೇಂದ್ರಗಳಲ್ಲಿ ತರಬೇತಿ ಕೊಡುತ್ತೇವೆ. ಹೊಂದಾಣಿಕೆ, ತಾಳ್ಮೆ, ಕುಟುಂಬ ಪ್ರಾರ್ಥನೆ ಎಲ್ಲವನ್ನೂ ಹೇಳುತ್ತೇವೆ. ಮದುವೆಯ ನಂತರ ಎಲ್ಲಿ ಮಲಗುತ್ತೀರಿ ಮಕ್ಕಳೇ ಎಂದು ಕೇಳುವವರು ಕಡಿಮೆ.

ಬೆಂಗಳೂರಿನ ಕೊಳೆಗೇರಿ ನಿವಾಸಿಗಳಿಗಾಗಿ ಕಟ್ಟಿಸುವ ಬಹುಮಹಡಿ ಮನೆಗಳಲ್ಲಿ ಇನ್ನೊಂದು ತೊಡಕು ಕಂಡಿತು. ಕೇಂದ್ರ, ರಾಜ್ಯಗಳ ಸಹಾಯ ಕಳೆದು ಫಲಾನುಭವಿ ಲಕ್ಷಗಟ್ಟಲೆ ವಂತಿಗೆ ಕಟ್ಟಬೇಕಿತ್ತು. ಕೂಲಿಯವರಿಗೆ ಬ್ಯಾಂಕ್ ಸಾಲ ಹುಟ್ಟಲಿಲ್ಲ, ಮನೆಗಳು ಅರ್ಧಕ್ಕೆ ನಿಂತವು. ಕೊನೆಗೆ 2023ರ ಡಿಸೆಂಬರಿನಲ್ಲಿ ಆ ಹೊರೆಯ ದೊಡ್ಡ ಪಾಲನ್ನು ತಾನೇ ಹೊರಲು ರಾಜ್ಯ ಸರ್ಕಾರ ತೀರ್ಮಾನಿಸಿತು.

ಧರ್ಮಸಭೆ ಹೇಳಿದ್ದು

1987ನ್ನು ವಿಶ್ವಸಂಸ್ಥೆ ವಸತಿಹೀನರ ವರ್ಷ ಎಂದು ಸಾರಿತ್ತು. ಆ ವರ್ಷದ ಕೊನೆಯಲ್ಲಿ ರೋಮಿನ ನ್ಯಾಯ ಮತ್ತು ಶಾಂತಿ ಆಯೋಗ ವಸತಿ ಸಮಸ್ಯೆಯ ಬಗ್ಗೆಯೇ ಒಂದು ದಾಖಲೆ ಹೊರಡಿಸಿತು. ಅದಕ್ಕೂ ಮೊದಲು, 1983ರಲ್ಲಿ ಪ್ರಕಟವಾದ ಕುಟುಂಬದ ಹಕ್ಕುಗಳ ಸನ್ನದು, ಕುಟುಂಬ ಜೀವನಕ್ಕೆ ಯೋಗ್ಯವಾದ, ಸದಸ್ಯರ ಸಂಖ್ಯೆಗೆ ತಕ್ಕಷ್ಟು ದೊಡ್ಡದಾದ ಮನೆ ಪ್ರತಿ ಕುಟುಂಬದ ಹಕ್ಕು ಎಂದು ಹೇಳಿತ್ತು. ದಾನ ಎನ್ನಲಿಲ್ಲ, ಹಕ್ಕು ಎಂದಿತು. ಪೋಪ್ ಎರಡನೆಯ ಜಾನ್ ಪೌಲರು 1987ರ ತಮ್ಮ ಸಾಮಾಜಿಕ ಪರಿಪತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಸಿದವರಿಗೆ ಅನ್ನ, ನಿರ್ಗತಿಕರಿಗೆ ವಸತಿ ಒದಗಿಸಲು ದೇವಾಲಯದ ಅನಗತ್ಯ ಅಲಂಕಾರ ವಸ್ತುಗಳನ್ನು ಮಾರುವುದೂ ಕರ್ತವ್ಯವಾಗಬಹುದು ಎಂದರು. ಗೋಪುರಕ್ಕೆ ದೀಪಾಲಂಕಾರ ಮಾಡಿ ಹಬ್ಬ ಆಚರಿಸುವ ನಾವು ಈ ಮಾತನ್ನು ಹೆಚ್ಚು ಓದುವುದಿಲ್ಲ. ಧರ್ಮಕೇಂದ್ರದ ಬಳಿ, ನಮ್ಮ ದೊಡ್ಡ ಕುಟುಂಬಗಳ ಬಳಿ ಪಾಳುಬಿದ್ದ ನೆಲ ಇದ್ದಲ್ಲಿ ಈ ಪ್ರಶ್ನೆ ದೀಪಾಲಂಕಾರಕ್ಕಿಂತ ದೊಡ್ಡದು.

ಮನೆಯವರು ತಿಳಿದಿರಬೇಕಾದುದು

ಇನ್ನು ಕೆಲಸದ ಮಾತು. ಫಲಾನುಭವಿಗಳ ಆಯ್ಕೆಯಲ್ಲಿ ಹಳ್ಳಿಯ ಗ್ರಾಮಸಭೆಯದೇ ಮುಖ್ಯ ಪಾತ್ರ. ನಮ್ಮ ಪಂಚಾಯತ್ ರಾಜ್ ಕಾನೂನಿನಂತೆ ಅದು ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ಸಭೆಗೆ ಹೋಗದೆ, ನಂತರ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಬೈದರೆ ಪ್ರಯೋಜನವಿಲ್ಲ. ಮನೆ ಕೇಳುವವರು ಮತ್ತು ನಿವೇಶನ ಕೇಳುವವರು ಬೇರೆ ಬೇರೆ. ಜಾಗವಿಲ್ಲದವರು ‘ನಿವೇಶನರಹಿತರು’ ಎಂದು ತಮ್ಮ ಹೆಸರನ್ನು ಸ್ಪಷ್ಟವಾಗಿ ಬರೆಸಬೇಕು. ಹತ್ತು ಕುಟುಂಬ ಒಟ್ಟಿಗೆ ಹೋಗಿ ಕೇಳಿ, ಸಭೆಯ ನಡಾವಳಿಯಲ್ಲಿ ದಾಖಲು ಮಾಡಿಸಿದರೆ ಅದಕ್ಕೆ ತೂಕ ಹೆಚ್ಚು.

ಸರ್ಕಾರಿ ಜಾಗದಲ್ಲಿ ಮೊದಲೇ ಮನೆ ಮಾಡಿಕೊಂಡವರ ವಿಷಯ ಬೇರೆ. ಭೂ ಕಂದಾಯ ಕಾಯ್ದೆಯ 94ಸಿ ಹಳ್ಳಿಗೆ, 94ಸಿಸಿ ಪಟ್ಟಣಕ್ಕೆ. ನಿಗದಿಪಡಿಸಿದ ದಿನಾಂಕಕ್ಕೆ ಮೊದಲು ಕಟ್ಟಿದ ಮನೆಯನ್ನು ಸಕ್ರಮಗೊಳಿಸಲು ಇವು ಅವಕಾಶ ಕೊಟ್ಟವು. ತಾಂಡಾ, ಹಟ್ಟಿಗಳಂತಹ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ಹಕ್ಕುಪತ್ರ ಕೊಡುವ ಕೆಲಸವೂ ನಡೆದಿದೆ. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ 1,11,111 ಕುಟುಂಬಗಳಿಗೆ ಹಕ್ಕುಪತ್ರ ಘೋಷಿಸಿದ್ದು ಇದೇ ಸಾಲಿನದು. ಹಕ್ಕುಪತ್ರ ಕೈಗೆ ಬಂದ ಮೇಲೆ ಅದನ್ನು ಟ್ರಂಕಿನಲ್ಲಿಟ್ಟು ಮರೆಯಬಾರದು. ಪಂಚಾಯತಿಯಲ್ಲಿ ಇ-ಸ್ವತ್ತಿನ ನಮೂನೆ ಮಾಡಿಸಬೇಕು. ಜನರು ‘ನೈನ್ ಇಲೆವೆನ್’ ಎನ್ನುವುದು ಇದನ್ನೇ.

ಪತ್ರ ಯಾರ ಹೆಸರಿನಲ್ಲಿ? ಕೇಂದ್ರ ಯೋಜನೆಯಲ್ಲಿ ಮನೆ ಮಂಜೂರಾಗುವುದು ಸಾಮಾನ್ಯವಾಗಿ ಹೆಂಡತಿಯ ಹೆಸರಿನಲ್ಲಿ ಅಥವಾ ಗಂಡ ಹೆಂಡಿರ ಜಂಟಿ ಹೆಸರಿನಲ್ಲಿ. ಕೆಲವು ಗಂಡಸರಿಗೆ ಇದು ಮುಜುಗರ. ಆದರೆ ಕುಡಿತದ ಸಾಲಕ್ಕೆ ಮನೆ ಬರೆದುಕೊಡುವ ಗಂಡನಿಂದ ಮಕ್ಕಳನ್ನು ಉಳಿಸುವುದು ಆ ಒಂದು ಸಾಲಿನ ಹೆಸರೇ.

ಒಮ್ಮೆ ತಿರಸ್ಕೃತವಾದವರು ಮತ್ತೆ ವಿಚಾರಿಸಿ. ಮೊದಲು ಬೈಕ್, ಫ್ರಿಜ್, ಲ್ಯಾಂಡ್‌ಲೈನ್ ಫೋನ್, ಯಂತ್ರದ ಮೀನುಗಾರಿಕೆ ದೋಣಿ ಇದ್ದವರನ್ನು ಕೇಂದ್ರದ ಪಟ್ಟಿಯಿಂದ ಹೊರಗಿಡುತ್ತಿದ್ದರು. ಸೊಸೆ ತವರಿನಿಂದ ತಂದ ಫ್ರಿಜ್ಜು ಮನೆಯನ್ನೇ ತಪ್ಪಿಸಿದ ಸಂಗತಿ ಹೊಸದೇನಲ್ಲ. 2024ರಲ್ಲಿ ಈ ಅಡ್ಡಿಗಳನ್ನು ತೆಗೆದು, ತಿಂಗಳ ಆದಾಯದ ಮಿತಿಯನ್ನು 10,000ದಿಂದ 15,000 ರೂಪಾಯಿಗೆ ಏರಿಸಿದರು. ಗ್ರಾಮೀಣ ಯೋಜನೆಯಲ್ಲಿ ಅಲ್ಪಸಂಖ್ಯಾತರಿಗೆ ದೇಶದ ಮಟ್ಟದಲ್ಲಿ ಶೇ. 15ರ ಪಾಲೂ ಇದೆ.

ಲೈನ್ ಮನೆಯಲ್ಲಿರುವವರಿಗೆ ಒಂದು ಮಾತು: ನಿವೃತ್ತಿಯ ವರ್ಷಕ್ಕೆ ಕಾಯಬೇಡಿ. ನಿವೇಶನ ಸಿಗಲು ಹತ್ತು ವರ್ಷ ಹಿಡಿದ ಉದಾಹರಣೆಗಳಿವೆ. ಪಡಿತರ ಚೀಟಿ, ಮತದಾರರ ಪಟ್ಟಿ, ಆಧಾರ್‌ನಲ್ಲಿ ಒಂದೇ ವಿಳಾಸ, ಒಂದೇ ರೀತಿಯ ಹೆಸರು ಇರಲಿ. ಒಂದರಲ್ಲಿ ಮೇರಿ, ಇನ್ನೊಂದರಲ್ಲಿ ಮರಿಯಮ್ಮ ಎಂದಿದ್ದರೆ ಈಗಲೇ ಸರಿಪಡಿಸಿ. ಗ್ರಾಮಸಭೆಯ ದಿನ ಕೂಲಿ ಹೋಗುತ್ತದೆ ಎಂಬ ಕಷ್ಟ ನಿಜ. ನಮ್ಮಲ್ಲಿ ತೋಟ ಇರುವವರು ಆ ಒಂದು ದಿನ ಸಂಬಳ ಸಹಿತ ರಜೆ ಕೊಡಬಹುದು. ಸಭೆಯ ತಾರೀಕನ್ನು ಪಂಚಾಯತಿ ಕಚೇರಿಯಲ್ಲಿ ಕೇಳಿ ತಿಳಿದು, ಭಾನುವಾರ ಪೂಜೆಯ ನಂತರದ ಪ್ರಕಟಣೆಗಳಲ್ಲಿ ಓದಿ ಹೇಳುವಂತೆ ಗುರುಗಳನ್ನು ಕೇಳಿಕೊಳ್ಳಬಹುದು.